ಕೀಲಿನ ಉರಿ, ಮಿದುಳಿನ ಮಂಕು



ರುಮಟಾಯ್ಡ್ ಆರ್ಥ್ರೈಟಿಸ್ ಎಂದೊಡನೆ ಬೆಳಗ್ಗೆ ಮಡಚಲಾಗದ ಬೆರಳು, ಊದಿದ ಮಣಿಕಟ್ಟು ಕಣ್ಣಮುಂದೆ ಬರುತ್ತವೆ. ವೈದ್ಯರ ಕಣ್ಣೂ ಬಹುಕಾಲ ಅಲ್ಲೇ ಇತ್ತು. 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಯುವವೈದ್ಯ ಲಾಂಡ್ರೆ-ಬೋವೆ, ಅಲ್ಲಿನ ಹೆಂಗಸರ ಕೀಲುಬೇನೆ ಎಲ್ಲರೂ ಬಲ್ಲ ಗೌಟ್‌ಗಿಂತ ಬೇರೆ ಬಗೆಯದೆಂದು ಬರೆದ. 1859ರಲ್ಲಿ ಲಂಡನ್ನಿನ ಆಲ್‌ಫ್ರೆಡ್ ಗ್ಯಾರಡ್ ಅದಕ್ಕೆ ಇಂದಿನ ಹೆಸರಿಟ್ಟ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟಾಗ, ನಡೆಯಲಾರದಿದ್ದ ಮಹಿಳೆ ಕೆಲವೇ ದಿನಗಳಲ್ಲಿ ಓಡಾಡಿದಳು. ಎರಡು ವರ್ಷಕ್ಕೆ ನೊಬೆಲ್ ಬಂತು. ಆದರೆ ಅದೇ ಔಷಧಿಯಿಂದ ಕೆಲವರಿಗೆ ನಿದ್ದೆ ಹಾರಿತು, ಕೆಲವರ ಮನಸ್ಸು ಹತೋಟಿ ತಪ್ಪಿತು. ಕೀಲಿನ ಮದ್ದು ತಲೆಯನ್ನೂ ತಟ್ಟಿತ್ತು.

1990ರಲ್ಲಿ ಕೆನಡಾದ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಸಂಗಡಿಗರು, ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಆಲ್ಝೈಮರ್ ಕಡಿಮೆ ಕಾಣುತ್ತದೆ ಎಂದು ವರದಿ ಮಾಡಿದರು. ಉರಿಯೂತ ತಗ್ಗಿಸುವ ಮಾತ್ರೆಗಳೇ ಕಾಪಾಡುತ್ತಿರಬಹುದೆಂಬ ಆಸೆ ಚಿಗುರಿತು. ಮುಂದೆ ಅಮೆರಿಕದಲ್ಲಿ 70 ದಾಟಿದವರಿಗೆ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಎಂಬ ಅಂಥ ಮಾತ್ರೆಗಳನ್ನು ಕೊಟ್ಟು ನೋಡಿದಾಗ ಆ ಆಸೆ ಕೈಗೂಡಲಿಲ್ಲ. ಆಮೇಲೆ ಬಂದ ಹಲವು ಅಧ್ಯಯನಗಳು ಬೇರೆಯದನ್ನೇ ಹೇಳಿದವು: ಈ ರೋಗವಿರುವ ಎಷ್ಟೋ ಜನರಿಗೆ ಗಮನ, ನೆನಪು, ಕೆಲಸ ಯೋಜಿಸುವ ಶಕ್ತಿ ಕುಂದುತ್ತದೆ.

ಹೇಗೆ? ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಕೀಲು ಕೆಡಿಸುವ ಉರಿಯೂತದಲ್ಲಿ ಟಿಎನ್‌ಎಫ್ ಎಂಬ ಪ್ರೋಟೀನಿನ ಕೈವಾಡವನ್ನು ತೋರಿಸಿ, 1992ರಲ್ಲಿ ಅದನ್ನು ತಡೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟರು. ಇಂಥ ಪ್ರೋಟೀನುಗಳು ರಕ್ತದಲ್ಲಿ ಸುತ್ತುತ್ತವೆ. ನರಗಳ ಮೂಲಕ, ರಕ್ತನಾಳಗಳ ಗೋಡೆಯ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. 2011ರಲ್ಲಿ ಜರ್ಮನಿಯ ಸಂಶೋಧಕರು ಟಿಎನ್‌ಎಫ್ ತಡೆದ ಒಂದೇ ದಿನದಲ್ಲಿ, ಕೀಲಿನ ಊತ ಇಳಿಯುವ ಮೊದಲೇ, ನೋವಿಗೆ ಮಿದುಳು ಮಿಡಿಯುವ ಪರಿ ತಗ್ಗಿದ್ದನ್ನು ಸ್ಕ್ಯಾನ್‌ನಲ್ಲಿ ಕಂಡರು. ಇದರ ಜೊತೆಗೆ ನೋವು, ನಿದ್ದೆಗೇಡು, ಖಿನ್ನತೆ, ಪೆಡಸಾದ ರಕ್ತನಾಳಗಳೂ ಸೇರಿಕೊಳ್ಳುತ್ತವೆ.

ಹಾಗೆಂದು ಈ ಮರೆವೆಲ್ಲ ಡಿಮೆನ್ಷಿಯಾ ಅಲ್ಲ. "ವಯಸ್ಸಾಯ್ತಲ್ಲ" ಎಂದು ತಳ್ಳಿಹಾಕುವಂಥದ್ದೂ ಅಲ್ಲ. ಕೀಲು ತೋರಿಸಲು ಹೋದಾಗ ಮರೆವಿನ ಮಾತನ್ನೂ ಎತ್ತಿ. ನಿದ್ದೆ, ಮನಸ್ಸು, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಇವನ್ನೆಲ್ಲ ಪರೀಕ್ಷಿಸಿ ಸರಿಪಡಿಸಬಹುದು. ವೈದ್ಯರನ್ನು ಕೇಳದೆ ಕಾರ್ಟಿಸೋನ್‌ನಂಥ ಸ್ಟೆರಾಯ್ಡ್ ನುಂಗಬೇಡಿ. ನಡೆಯುತ್ತಿರುವ ಔಷಧಿಯನ್ನು ನೀವೇ ನಿಲ್ಲಿಸಲೂಬೇಡಿ.