ಹಳೆಯ ಪದ, ಹೊಸ ದನಿ

(ಠಾಣಾ ಕುಶನೂರಿನಲ್ಲಿ ಹಿರಿಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ)



ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರುವುದೆಂದರೇನು ಎಂಬುದನ್ನು ಬೀದರ ಸೀಮೆಯ ಜನರಿಗೆ ವಿವರಿಸಬೇಕಾಗಿಲ್ಲ. ಶಿಶುನಾಳ ಷರೀಫರು (1819–1889) ಆ ಸೋರುವ ಮಾಳಿಗೆಯನ್ನೇ ಅಜ್ಞಾನದಿಂದ ಶಿಥಿಲವಾದ ಮನಸ್ಸಿಗೆ ಹೋಲಿಸಿ ಪದ ಕಟ್ಟಿದರು. ಕಟ್ಟೆಯ ಮೇಲೆ ಕುಳಿತವರು ಸೇದುವ ಗುಡುಗುಡಿಯೂ ಅವರ ಕೈಯಲ್ಲಿ ತತ್ತ್ವವನ್ನು ಹೇಳಿತು. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದ ಷರೀಫರು ತಮ್ಮ ಕಾಲಕ್ಕೆ ಹೊಸಬರು. ಅಂದಿನ ಹೊಸತನವೇ ಇಂದು ಪರಂಪರೆ ಎನಿಸಿಕೊಂಡಿದೆ.

ಈ ಪದಗಳನ್ನು ಉಳಿಸಿದವರು ಪಂಡಿತರಲ್ಲ. ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದು ರಾತ್ರಿಯಿಡೀ ಹಾಡಿದ ಹಳ್ಳಿಯ ಭಜನಾ ಮೇಳಗಳು ಅವನ್ನು ಬಾಯಿಂದ ಬಾಯಿಗೆ ದಾಟಿಸಿದವು. ಮುಂದೆ 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರಕ್ಕೆ ಸಿ. ಅಶ್ವಥ್ ಸಂಗೀತ ನೀಡಿದರು. ಭಜನೆಯ ಪದ ಪಟ್ಟಣದ ಮನೆಮನೆಯನ್ನೂ ಹೊಕ್ಕಿತು.

2008ರಲ್ಲಿ ಮತ್ತೊಂದು ತಿರುವು ಬಂತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಭರತನಾಟ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು. ಗಿಟಾರನ್ನು ಮಾತ್ರ ತಾವಾಗಿಯೇ ಕಲಿತರು. ಮೂವತ್ತರ ಹರೆಯದಲ್ಲಿದ್ದ ಈ ತರುಣ ಹೊರತಂದ ಮೊದಲ ಧ್ವನಿಸಂಪುಟದಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳಿದ್ದವು. ಅವೇ ಮಾಳಿಗೆಯ ಪದ ಮತ್ತು ಗುಡುಗುಡಿಯ ಪದ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಮತ್ತು ಡ್ರಮ್ಮುಗಳೊಡನೆ ಅವರು ಹಾಡತೊಡಗಿದಾಗ ಕಾಲೇಜು ಹುಡುಗರು ಕುಣಿದರು. 2010ರಲ್ಲಿ ಬಿಬಿಸಿ ವಾಹಿನಿಯ ಜೂಲ್ಸ್ ಹಾಲೆಂಡ್ ಅವರ ಸಂಗೀತ ಕಾರ್ಯಕ್ರಮದಲ್ಲಿ ಅವರ ತಂಡ ಕಾಣಿಸಿಕೊಂಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ತಂಡಕ್ಕೆ ಹೊಸ ಪ್ರತಿಭೆಯ ಪ್ರಶಸ್ತಿಯನ್ನಿತ್ತಿತು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ತತ್ತ್ವಪದ ಕುಣಿಯುವುದಕ್ಕಲ್ಲ, ಕುಳಿತು ಅರ್ಥ ಬಿಡಿಸಿಕೊಳ್ಳುವುದಕ್ಕೆ; ಡ್ರಮ್ಮಿನ ಸದ್ದಿನಲ್ಲಿ ಮಾತು ಮುಳುಗಿದರೆ ಉಳಿಯುವುದೇನು? ಇದು ತಳ್ಳಿಹಾಕುವಂಥ ಮಾತಲ್ಲ. ಆದರೆ ದೋಷವಿದ್ದರೆ ಅದು ವಾದ್ಯದ್ದಲ್ಲ. ಹಾಡುವವನು ಪದವನ್ನು ಅರಿತು ಹಾಡುತ್ತಾನೆಯೇ, ಆ ಪದ ಇಂದಿನ ಬದುಕನ್ನು ಮುಟ್ಟುತ್ತದೆಯೇ ಎಂಬುದೇ ಪ್ರಶ್ನೆ.

ಇದೇ ಪ್ರಶ್ನೆಯನ್ನು ದೂರದ ಬೆಟ್ಟನಾಡೊಂದು ಎದುರಿಸಿದೆ. ಅಮೆರಿಕದ ಪೂರ್ವಭಾಗದಲ್ಲಿ ಅಪಲೇಷಿಯನ್ ಪರ್ವತಶ್ರೇಣಿಯಿದೆ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ವಲಸೆ ಬಂದವರ ಕಥನಗೀತೆಗಳೂ ಪಿಟೀಲೂ, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಬ್ಯಾಂಜೊ ವಾದ್ಯವೂ ಅಲ್ಲಿ ಬೆರೆತವು. ಕೆಂಟಕಿ ರಾಜ್ಯದ ಬಿಲ್ ಮನ್ರೊ (1911–1996) ಈ ಬೆರಕೆಗೆ ಹೊಸ ವೇಗವನ್ನು ತಂದರು. 1945ರಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳ ಬ್ಯಾಂಜೊ ವಾದನದೊಂದಿಗೆ ಅವರ ತಂಡವನ್ನು ಸೇರಿದರು. ‘ಬ್ಲೂಗ್ರಾಸ್’ ಸಂಗೀತ ರೂಪುಗೊಂಡದ್ದು ಹೀಗೆ. ಇಂದು ಪುರಾತನವೆಂದು ಕೊಂಡಾಡುವ ಆ ಸಂಗೀತಕ್ಕೆ ನೂರು ವರ್ಷವೂ ತುಂಬಿಲ್ಲ. 1992ರಲ್ಲಿ ಹುಟ್ಟಿದ ಬಿಲ್ಲಿ ಸ್ಟ್ರಿಂಗ್ಸ್ ಅದನ್ನು ಮನೆಯಲ್ಲಿ ಮಲತಂದೆಯಿಂದ ಕಲಿತು, ಅದಕ್ಕೆ ರಾಕ್ ಸಂಗೀತದ ಕಸುವನ್ನು ಬೆರೆಸಿದರು. 2021ರಲ್ಲಿ ಅವರ ‘ಹೋಮ್’ ಸಂಪುಟಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಮೊದಲು ಕಲಿಕೆ, ಆಮೇಲೆ ಬದಲಾವಣೆ: ಈ ಕ್ರಮ ಗಮನಾರ್ಹ.

ಅದೇ ಬೆಟ್ಟಗಳ ಗಾಯಕಿ ಜೀನ್ ರಿಚಿ (1922–2015) ಇನ್ನೊಂದು ಹೆಜ್ಜೆ ಮುಂದಿಟ್ಟರು. ಹದಿನಾಲ್ಕು ಮಕ್ಕಳ ಮನೆಯ ಕೊನೆಯ ಮಗಳಾದ ಆಕೆ ಮನೆಯವರಿಂದ ಹಳೆಯ ಹಾಡುಗಳನ್ನು ಕಲಿತಿದ್ದರು. ಕಲ್ಲಿದ್ದಲಿಗಾಗಿ ಗುಡ್ಡಗಳ ಮೈ ಸುಲಿದು ತೊರೆಗಳ ನೀರು ಕಪ್ಪಾದಾಗ, ಆ ಹಳೆಯ ಧಾಟಿಯಲ್ಲೇ ಕಪ್ಪು ನೀರಿನ ಹಾಡು ಕಟ್ಟಿದರು. ಧಾಟಿ ಅಜ್ಜಂದಿರದು, ನೋವು ಇಂದಿನದು. ಪರಂಪರೆಗೆ ಜೀವ ಬರುವುದು ಇಂಥಲ್ಲಿ.

ಈ ಮಾತು ಬೀದರಿಗೆ ದೂರದ್ದಲ್ಲ. ಭಾಲ್ಕಿ ಸೀಮೆಯಲ್ಲಿ ಕಾರಂಜಾ ಜಲಾಶಯಕ್ಕಾಗಿ ಹೊಲಮನೆಗಳು ನೀರಿನ ಪಾಲಾದವು. ಸಂತ್ರಸ್ತರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ಊರು ಮುಳುಗಿದಾಗ ಮುಳುಗುವುದು ಗೋಡೆಗಳಷ್ಟೇ ಅಲ್ಲ. ಬಿತ್ತುವಾಗ, ಬೀಸುವಾಗ, ಜಾತ್ರೆಯ ದಾರಿಯಲ್ಲಿ ಹಾಡುತ್ತಿದ್ದ ಹಾಡಿಗೆ ನೆಲೆಯೇ ತಪ್ಪುತ್ತದೆ. ಪರಿಹಾರದ ಲೆಕ್ಕದಲ್ಲಿ ಹಾಡಿಗೆ ಕಲಮು ಇರುವುದಿಲ್ಲ. ಅಣೆಕಟ್ಟು, ಗಣಿಗಳನ್ನು ಕಂಡ ಮಲೆನಾಡಿನ ಹಳ್ಳಿಗಳಿಗೂ ಈ ನಷ್ಟದ ಪರಿಚಯವಿದೆ.

ಬೆರಕೆಗೆ ಹೆದರುವ ಕಾರಣವೂ ಈ ನೆಲದಲ್ಲಿಲ್ಲ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆಯಿದು. ಹುಮನಾಬಾದ್ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಇಲ್ಲಿ ಬೆರೆಯುವುದೇ ಸಂಪ್ರದಾಯ.

ಆದುದರಿಂದ ತರುಣರ ಕೈಗೆ ಗಿಟಾರ್ ಬಂದುದಕ್ಕೆ ಹಿರಿಯರು ಕಳವಳಪಡಬೇಕಾಗಿಲ್ಲ. ತರುಣರು ಮಾತ್ರ ಮೂರು ಸಂಗತಿಗಳನ್ನು ಮರೆಯಬಾರದು. ಪದವನ್ನು ಮೊಬೈಲಿನಿಂದ ಎತ್ತಿಕೊಳ್ಳುವ ಮೊದಲು ಊರಿನ ಭಜನಾ ಮೇಳದವರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಯಾರಿಂದ ಕಲಿತದ್ದೆಂಬುದನ್ನು ವೇದಿಕೆಯ ಮೇಲೆ ಹೆಸರಿಟ್ಟು ಹೇಳಬೇಕು; ಸಂಭಾವನೆ ಬಂದರೆ ಅವರಿಗೂ ಪಾಲು ಸಲ್ಲಬೇಕು. ಕೊನೆಯದಾಗಿ, ಬತ್ತುತ್ತಿರುವ ಬಾವಿ, ಗುಳೆ ಹೋದ ಮನೆ, ಮುಳುಗಿದ ಹೊಲ ಇವೂ ಹಾಡಿಗೆ ಬರಬೇಕು. ಷರೀಫರು ತಮ್ಮ ಕಾಲದ ಮಾಳಿಗೆಯನ್ನು ಕಂಡು ಹಾಡಿದರು. ಇಂದಿನ ಮಾಳಿಗೆ ಎಲ್ಲಿ ಸೋರುತ್ತಿದೆ ಎಂಬುದನ್ನು ಕಾಣಬೇಕಾದವರು ಇಂದಿನವರೇ.