ಅಗೆಯದೆ ನೆಲದಾಳ ನೋಡುವ ಬಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಬರೆಯುವವನು, ಭೂವಿಜ್ಞಾನಿಯಲ್ಲ. ಆದರೂ ಇಂದು ನೆಲದ ವಿಷಯ ಆರಿಸಿಕೊಂಡಿದ್ದೇನೆ. ಅದರಲ್ಲಿ ಅರ್ಧ ಕೆಲಸ ಕಂಪ್ಯೂಟರಿನದೇ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ಸಿಕ್ಕಿ ನೆಲಸಮವಾಯಿತು. ಸುತ್ತಲಿನ ಹಳ್ಳಿಗಳೂ ಸೇರಿ ಸಾವಿರಾರು ಜನ ಮಲಗಿದ್ದಲ್ಲೇ ಕಲ್ಲುಮಣ್ಣಿನ ಗೋಡೆಗಳಡಿ ಸತ್ತರು. ದಖನ್ನಿನದು ಗಟ್ಟಿ ನೆಲ, ಇಲ್ಲಿ ಅಂಥದ್ದು ಆಗದು ಎಂಬ ನಂಬಿಕೆ ಅದುವರೆಗೆ ಇತ್ತು. ಆಮೇಲೆ ಕೊರೆದು ನೋಡಿದಾಗ ಅಲ್ಲಿ ಲಾವಾದ ಕಪ್ಪುಕಲ್ಲಿನ ಹಾಸೇ ಸುಮಾರು 338 ಮೀಟರ್ ದಪ್ಪ ಇತ್ತು. ಅದರ ಕೆಳಗಿನ ಹಳೆಯ ಬಂಡೆಯ ಬಿರುಕು ಮೇಲೆ ಉಳುವವನಿಗೆ ಕಾಣುವುದೆಂತು?

ಎಲ್ಲ ಕಡೆ ಕೊರೆಯಲಾಗದು. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದೂ 12 ಕಿ.ಮೀ. ಚಿಲ್ಲರೆ, ಅಷ್ಟೆ. ಹಾಗಾಗಿ ವಿಜ್ಞಾನಿಗಳು ಕಂಪನಮಾಪಕ ಇಟ್ಟು ಸುಮ್ಮನೆ ಕಾಯುತ್ತಾರೆ. ಡೈನಮೈಟ್ ಬೇಡ. ಇಂಡೋನೇಷ್ಯಾದಲ್ಲೋ ಜಪಾನಿನಲ್ಲೋ ಭೂಮಿ ನಡುಗಿದರೆ ಅದರ ಅಲೆ ನಮ್ಮ ಕಾಲಡಿಗೂ ಬರುತ್ತದೆ. ಭೂಚಿಪ್ಪಿನ ತಳ ದಾಟುವಾಗ ಅದರ ಒಂದು ಪಾಲು ನಿಧಾನದ ಅಲೆಯಾಗಿ ಬದಲಾಗಿ, ಕೆಲವು ಸೆಕೆಂಡು ತಡವಾಗಿ ಮೇಲೆ ತಲುಪುತ್ತದೆ. ಆ ತಡವೇ ಆಳದ ಅಳತೆ.

ತೊಡಕೆಂದರೆ, ದಾಖಲೆಯಲ್ಲಿ ಲಾರಿ, ಪಂಪ್‌ಸೆಟ್, ಗಾಳಿ ಎಲ್ಲದರ ಗದ್ದಲವೂ ಇರುತ್ತದೆ. ಇಲ್ಲಿ ನಮ್ಮ ಕಸುಬು ಬರುತ್ತದೆ. ನೂರಾರು ಭೂಕಂಪಗಳ ದಾಖಲೆಗಳನ್ನು ಸಾಲಾಗಿ ಹೊಂದಿಸಿ ಕೂಡಿಸಿದರೆ, ಪ್ರತಿಸಲ ಅದೇ ಹೊತ್ತಿಗೆ ಬರುವ ಸಣ್ಣ ಅಲೆ ಬೆಳೆಯುತ್ತದೆ, ಗದ್ದಲ ತನ್ನಷ್ಟಕ್ಕೆ ಅಳಿಯುತ್ತದೆ. ಪ್ರಾರ್ಥನೆಗೆ ಮೊದಲು ನಾವೆಲ್ಲ ಗುಜುಗುಜು ಎನ್ನುತ್ತಿದ್ದೆವಲ್ಲ, ಅದು ರಸ್ತೆಗೆ ಕೇಳಿಸುತ್ತಿರಲಿಲ್ಲ. ಒಟ್ಟಿಗೆ ಹಾಡಿದ ಸಾಲು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಹಾಗೆಯೇ ಇದು.

ಹೀಗೆ ಕೇಳಿದಾಗ ನಮ್ಮ ಕರ್ನಾಟಕವೇ ಎರಡು ತುಂಡಾಗಿ ಕಂಡಿತು. ಗದಗದಿಂದ ಚಿತ್ರದುರ್ಗದ ಮೂಲಕ ದಕ್ಷಿಣಕ್ಕೆ ಒಂದು ಪುರಾತನ ಬೆಸುಗೆ ಹಾದುಹೋಗಿದೆ. ಅದರ ಪೂರ್ವಕ್ಕೆ ಭೂಚಿಪ್ಪು ಸುಮಾರು 35 ಕಿ.ಮೀ. ದಪ್ಪ, ಪಶ್ಚಿಮಕ್ಕೆ 40 ದಾಟಿ, ಕೆಲವೆಡೆ 50ರ ಹತ್ತಿರ. ಮೇಲೆ ನೋಡಿದರೆ ಎರಡೂ ಕಡೆ ಅದೇ ರಾಗಿ, ಅದೇ ಜೋಳ! ಅಂದಹಾಗೆ, ಗೌರಿಬಿದನೂರಿನಲ್ಲಿ 1965ರಿಂದಲೇ ಇಂಥ 20 ಮಾಪಕಗಳ ಸಾಲು ಇದೆ. ಅದನ್ನು ಹಾಕಿದ್ದು ದೂರದೇಶಗಳ ಅಣುಸ್ಫೋಟ ಪತ್ತೆಗೆ.

ಭೂಕಂಪ ಯಾವತ್ತು ಎಂದು ಈ ವಿದ್ಯೆ ಹೇಳದು. ಹಳೆಯ ಬಿರುಕು ಎಲ್ಲಿ ಅಡಗಿರಬಹುದು, ಎಲ್ಲಿ ಗೋಡೆ ಜೋಪಾನವಾಗಿ ಕಟ್ಟಬೇಕು ಎಂಬುದಕ್ಕೆ ಸುಳಿವು ಕೊಡುತ್ತದೆ. ಅದಕ್ಕೆ ಮಾಪಕಗಳು ಇನ್ನೂ ಒತ್ತಾಗಿ ಬೇಕು, ರಸ್ತೆಯಿಂದ ದೂರದ ಜಾಗ ಬೇಕು. ನಾಳೆ ಯಾರಾದರೂ ಸಂಶೋಧಕರು ಬಂದು ಶಾಲೆಯ ಹಿಂದೆ ಒಂದು ಚಿಕ್ಕ ಗುಂಡಿಗೆ ಜಾಗ ಕೇಳಿದರೆ, ನಿಧಿ ಹುಡುಕಲು ಬಂದಿದ್ದಾರೆಂದು ಗುಲ್ಲೆಬ್ಬಿಸದೆ ದಯವಿಟ್ಟು ಕೊಡಿ. ಒಂದೆರಡು ವರ್ಷ ಅದರ ಹತ್ತಿರ ದನ ಕಟ್ಟಬೇಡಿ.