ಎಣ್ಣಿ, ಚರಬಿ, ಕ್ಯಾನ್ಸರ್: ಅಂಜಬೇಕಾದದ್ದು ಯಾವುದಕ್ಕೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಓಣಿಯೊಳಗೆ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ನಾಲ್ಕು ಮಂದಿ ನಾಲ್ಕು ಮಾತು ಆಡ್ತಾರ. ‘ಎಣ್ಣಿ ಭಾಳ ತಿಂತಿದ್ದ’ ಅಂತ ಒಬ್ಬರು, ‘ಖಂಡ, ಚರಬಿ ತಿಂದರ ಹಿಂಗ ಆಗ್ತದ’ ಅಂತ ಇನ್ನೊಬ್ಬರು. ಮೊಬೈಲಿನ ಸಂದೇಶಗಳ ಸುದ್ದಿಯಂತೂ ಕೇಳಬ್ಯಾಡ್ರಿ. ಇದರಲ್ಲಿ ಖರೇ ಎಷ್ಟು, ಸುಳ್ಳು ಎಷ್ಟು ಅಂತ ಇವತ್ತು ನಿಮ್ಮೆದುರು ಬಿಡಿಸಿ ಇಡ್ತೀನಿ.

ಕೊಬ್ಬು ದೇಹದ ವೈರಿ ಅಲ್ಲ. ನಮ್ಮ ಮೈಯ ಒಂದೊಂದು ಜೀವಕೋಶದ ಪೊರೆಗೂ ಕೊಬ್ಬು ಬೇಕು. ಕ್ಯಾನ್ಸರ್ ಅಂದರೆ ಲಗಾಮು ಹರಿದುಕೊಂಡು ಬೆಳೆಯುವ ಜೀವಕೋಶ. ಒಂದು ಎರಡಾಗಿ, ಎರಡು ನಾಲ್ಕಾಗಲು ಅದಕ್ಕೂ ಪೊರೆ ಬೇಕು, ಶಕ್ತಿ ಬೇಕು. ಕೊಬ್ಬನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ, ಇಲ್ಲವೇ ರಕ್ತದಿಂದ ಎಳೆದುಕೊಳ್ಳುತ್ತದೆ. ಹಂಗಾದರ ಹೆಚ್ಚು ಕೊಬ್ಬು ತಿಂದರೆ ಗಡ್ಡೆ ಹೆಚ್ಚು ಬೆಳೀತದೇನು?

1942ರಲ್ಲಿ ಅಮೆರಿಕದ ಆಲ್ಬರ್ಟ್ ಟ್ಯಾನನ್‌ಬಾಮ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಕೊಬ್ಬು ಹೆಚ್ಚಿದ್ದ ಆಹಾರ ತಿಂದ ಇಲಿಗಳಲ್ಲಿ ಸ್ತನದ, ಚರ್ಮದ ಗಡ್ಡೆ ಹೆಚ್ಚು ಕಂಡವು. ಆದರೆ ಇಲಿ ಬ್ಯಾರೆ, ಮನುಷ್ಯ ಬ್ಯಾರೆ. ಮುಂದೆ ಅದೇ ಅಮೆರಿಕದಲ್ಲಿ ಮುಟ್ಟು ನಿಂತ 48,835 ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಬ್ಬು ಕಡಿಮೆ ಉಣ್ಣುವುದನ್ನು ಕಲಿಸಿ, ಸುಮಾರು 8 ವರ್ಷ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಸ್ತನ ಕ್ಯಾನ್ಸರ್ ಸ್ವಲ್ಪ ಕಡಿಮೆ ಕಂಡರೂ ಅದು ಆಕಸ್ಮಿಕವಲ್ಲ ಎನ್ನುವಷ್ಟು ಅಂತರ ಇರಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಫರಕೇ ಬೀಳಲಿಲ್ಲ. ಅಂದಮ್ಯಾಲೆ ‘ಎಣ್ಣಿ ತಿಂದರ ಕ್ಯಾನ್ಸರ್’ ಅನ್ನೋದು ಅಷ್ಟು ಸೀದಾ ಮಾತಲ್ಲ.

ಗಟ್ಟಿಯಾಗಿ ಗೊತ್ತಿರುವುದು ಬೇರೆ ಸಂಗತಿ. ತಾಟಿನ ಕೊಬ್ಬಿಗಿಂತ ಮೈಮೇಲೆ ಕೂತ ಕೊಬ್ಬು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ಹೇಳಿತು. ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್, ಗರ್ಭಕೋಶ, ದೊಡ್ಡ ಕರುಳು, ಪಿತ್ತಕೋಶ, ಮೂತ್ರಪಿಂಡ ಇವೆಲ್ಲ ಅದರಲ್ಲಿವೆ. ಮುಟ್ಟು ನಿಂತ ಮೇಲೆ ಮೈಯ ಬೊಜ್ಜೇ ಈಸ್ಟ್ರೋಜನ್ ಹಾರ್ಮೋನು ತಯಾರಿಸುತ್ತದೆ. ಬೊಜ್ಜಿನಿಂದ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಎರಡೂ ಜೀವಕೋಶಕ್ಕೆ ‘ಬೆಳಿ, ಬೆಳಿ’ ಅಂತ ಹೇಳುವಂಥವು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಹಿಟ್ಟಿನ ಪಿಷ್ಟದಲ್ಲಿ 4. ಎಣ್ಣೆ ಬಲು ಬೇಗ ಬೊಜ್ಜಾಗುವ ಗುಟ್ಟು ಇದೇ.

ಇನ್ನೊಂದು ಸಂಶೋಧನೆ ನಮಗೆ ಹತ್ತಿರದ್ದು, ಯಾಕಂದರೆ ಅದು ಬಾಯಿ ಕ್ಯಾನ್ಸರಿನದು. ಸ್ಪೇನ್ ದೇಶದ ಬಾರ್ಸಿಲೋನಾದ ವಿಜ್ಞಾನಿಗಳು ಮನುಷ್ಯರ ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಇಲಿಗಳಲ್ಲಿಟ್ಟು ನೋಡಿದರು. ಕೆಲವು ಜೀವಕೋಶಗಳ ಮೇಲೆ ಕೊಬ್ಬನ್ನು ಒಳಗೆ ಎಳೆದುಕೊಳ್ಳುವ ಸಿಡಿ36 ಎಂಬ ಬಾಗಿಲು ಇತ್ತು. ಬೇರೆ ಅಂಗಗಳಿಗೆ ಹರಡುತ್ತಿದ್ದದ್ದು ಅಂಥವೇ. ಕೊಬ್ಬಿನ ಆಹಾರ ಕೊಟ್ಟಾಗ ಇನ್ನೂ ಹೆಚ್ಚು ಹರಡಿದವು. 2021ರಲ್ಲಿ ಅವರೇ ತೋರಿಸಿದ್ದು: ಹೀಗೆ ಹುರಿದುಂಬಿಸುವುದು ಪಾಮಿಟಿಕ್ ಆಮ್ಲ, ಉಳಿದೆರಡು ಬಗೆಯ ಕೊಬ್ಬಿನಿಂದ ಹಾಗೆ ಆಗಲಿಲ್ಲ. ಅಂಗಡಿಯ ಅಗ್ಗದ ಪಾಮ್ ಎಣ್ಣೆಯಲ್ಲಿ ಈ ಆಮ್ಲವೇ ಹೆಚ್ಚು. ಕುಸುಬಿ, ಶೇಂಗಾ ಎಣ್ಣೆಯಲ್ಲಿ ಬಹಳ ಕಡಿಮೆ.

ಇದನ್ನು ಕೇಳಿ ಗಾಬರಿ ಆಗಬ್ಯಾಡ್ರಿ. ಅದು ಇಲಿಗಳ ಮೇಲಿನ ಪ್ರಯೋಗ. ಬಾಯಿ ಕ್ಯಾನ್ಸರ್ ತರುವುದು ಪಾಮ್ ಎಣ್ಣೆ ಅಲ್ಲ, ತಂಬಾಕು, ಗುಟಖಾ, ಮಾವಾ, ಅಡಿಕೆ, ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿ. ಗುಟಖಾ ಬಾಯಿಗೆ ಸುರುವಿಕೊಂಡು ಎಣ್ಣೆಗೆ ಅಂಜುವುದು, ಮನಿಗೆ ಬೆಂಕಿ ಬಿದ್ದಾಗ ಹಿತ್ತಲ ಕಸ ಬಳಿದಂಗ. ಹಂಗೇ, ಕ್ಯಾನ್ಸರ್ ಆದವರಿಗೆ ಎಣ್ಣೆ-ಮಾಂಸ ಬಿಡಿಸಿ ಅರೆಹೊಟ್ಟೆ ಇಡಬ್ಯಾಡ್ರಿ. ಅವರು ಮೊದಲೇ ಸೊರಗಿರ್ತಾರ. ಡಾಕ್ಟರು ಹೇಳಿದಂತೆ ಉಣ್ಣಿಸಬೇಕು.

ಈಗ ನಮ್ಮ ಒಲೆಯ ಮಾತು. ನಮ್ಮ ಕೇರಿಗಳಲ್ಲಿ ಎಣ್ಣೆ ಹಬ್ಬದ ಒಡವೆಯಾಗಿತ್ತು. ಖಂಡದ ಚರಬಿಯೇ ನಮ್ಮ ಎಣ್ಣೆ. ಶಾಹು ಪಾಟೋಳೆಯವರ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಮರಾಠಿ ಪುಸ್ತಕ ಮರಾಠವಾಡದ ದಲಿತರ ಇಂಥ ಅಡುಗೆಯ ದಾಖಲೆ. ಆ ಊಟಕ್ಕಾಗಿ ನಮ್ಮನ್ನು ಹೀಯಾಳಿಸಿದವರು ಈಗ ಕ್ಯಾನ್ಸರಿನ ಹೆಸರಲ್ಲಿ ಮತ್ತೆ ಹೀಯಾಳಿಸಲು ನೋಡ್ತಾರ. ಉಪ್ಪು ಸವರಿ, ಹೊಗೆ ಕೊಟ್ಟು ಕೆಡದಂತೆ ಮಾಡಿದ ಮಾಂಸ ಕ್ಯಾನ್ಸರ್ ತರುತ್ತದೆ, ಕೆಂಪು ಮಾಂಸ ತರುವ ಸಂಭವವಿದೆ ಎಂದು 2015ರಲ್ಲಿ ಹೇಳಿದ್ದು ನಿಜ. ಆದರೆ ಆ ಪಟ್ಟಿಯಲ್ಲಿ ದನದ ಮಾಂಸದ ಜೊತೆ ಕುರಿ, ಆಡಿನದೂ ಇದೆ. ಅದು ಅಳತೆಯ ಮಾತು, ಮಡಿ-ಮೈಲಿಗೆಯ ಮಾತಲ್ಲ. ಅಳತೆ ಹಿಡಿಯೋಣ, ತಲೆ ತಗ್ಗಿಸೋದು ಬ್ಯಾಡ.

ಹಾಗಾದರೆ ಮಾಡುವುದೇನು? ಒಬ್ಬರಿಗೆ ತಿಂಗಳಿಗೆ ಅರ್ಧ ಕಿಲೋ ಆಸುಪಾಸು ಎಣ್ಣೆ ಸಾಕು. ತಿಂಗಳ ಎಣ್ಣೆ ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಅಳತೆ ತಾನೇ ತಿಳಿಯುತ್ತದೆ. ಕರಿದ ಎಣ್ಣೆ ಕಪ್ಪಾದ ಮೇಲೆ ಮತ್ತೆ ಕಾಯಿಸಬೇಡಿ. ಕರಿಯುವಾಗಿನ ಹೊಗೆಯೂ ಪುಪ್ಪುಸಕ್ಕೆ ಕೇಡು, ವಡಾ-ಭಜಿ ಗಾಡಿ ಇಟ್ಟ ತಾಯಂದಿರು ಗಾಳಿ ಆಡುವಲ್ಲಿ ಒಲೆ ಹೂಡಲಿ. ಡಾಲ್ಡಾದಂಥದ್ದರಲ್ಲಿ ಟ್ರಾನ್ಸ್ ಕೊಬ್ಬು 2%ಗಿಂತ ಹೆಚ್ಚಿರಬಾರದೆಂದು 2022ರಿಂದ ಕಾನೂನಿದೆ. ಅದು ಮುಖ್ಯವಾಗಿ ಹೃದಯದ ಸಲುವಾಗಿ. ಜೋಳದ ರೊಟ್ಟಿ, ಕಾಳು, ತಪ್ಪಲಪಲ್ಯ ಬಿಡಬೇಡಿ.

ಎಲ್ಲಕ್ಕಿಂತ ದೊಡ್ಡದು ತಪಾಸಣೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೇ. ಪಕ್ಕದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳ ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದು 2009ರಲ್ಲಿ ಪ್ರಕಟವಾಯಿತು. ಆ ಪರೀಕ್ಷೆಗೆ ಬಂದವರು ನಮ್ಮಂಥ ಹಳ್ಳಿಯ ತಾಯಂದಿರೇ.

ಅದಕ್ಕೇ ಸಂಘದ ಹುಡುಗರಲ್ಲಿ ಒಂದು ಬೇಡಿಕೆ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಮನಿಮನಿಗೆ ಹೋಗಿ ಹೆಸರು ಬರೆದುಕೊಳ್ಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಶಿಬಿರದ ದಿನಾಂಕ ಕೇಳಿ, ಕೊಡದಿದ್ದರೆ ಮತ್ತೆ ಹೋಗಿ ಕೇಳಿ. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ ಇದ್ದರೆ ಶಿಬಿರಕ್ಕೂ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಮುಂದಿನ ವಾರ್ಷಿಕೋತ್ಸವದ ವರದಿಯಲ್ಲಿ ಎಷ್ಟು ಮಂದಿಯ ತಪಾಸಣೆ ಆಯಿತು ಅನ್ನುವ ಲೆಕ್ಕ ಓದುವಂತಾಗಲಿ.

ಜೈ ಭೀಮ್.